ಸ್ತನ ತಪಾಸಣೆ ಕ್ಲಿನಿಕ್: ಪ್ರಶ್ನೆಗಳಿಗೆ ಪೂರ್ತಿ ಅಂಕ, ಪರದೆಗೆ ಸೊನ್ನೆ

ಮೈಸೂರಿನ ಒಂದು ಕ್ಲಿನಿಕ್ಕಿಗೆ ಅಕ್ಕನನ್ನು ಮ್ಯಾಮೋಗ್ರಾಮ್‌ಗೆ (ಸ್ತನ ಕ್ಯಾನ್ಸರ್ ಇದೆಯಾ ಅಂತ ನೋಡುವ ಎಕ್ಸ್-ರೇ) ಕರೆದುಕೊಂಡು ಹೋಗಿದ್ದೆ. ಯಂತ್ರಕ್ಕಿಂತ ನನಗೆ ಹಿಡಿಸಿದ್ದು ಮೊದಲು ಕೂರಿಸಿ ಕೇಳಿದ ಪ್ರಶ್ನೆಗಳು. ಮೈನೆರೆದದ್ದು ಯಾವಾಗ, ಮೊದಲ ಹೆರಿಗೆ ಯಾವ ವಯಸ್ಸಿಗೆ, ಒಟ್ಟು ಎಷ್ಟು ತಿಂಗಳು ಹಾಲು ಕುಡಿಸಿದ್ರಿ, ಮುಟ್ಟು ನಿಂತಿದೆಯಾ. ಅಕ್ಕ ಬೆರಳು ಮಡಚಿ ಲೆಕ್ಕ ಹಾಕುವವರೆಗೂ ಸಿಸ್ಟರ್ ಪೆನ್ನು ಹಿಡಿದು ಕಾದರು.

ಡಾಕ್ಟರ್ ಕಾರಣವನ್ನೂ ಹೇಳಿದರು. ಮುಟ್ಟು ಬೇಗ ಶುರುವಾಗಿ ತಡವಾಗಿ ನಿಂತರೆ ಹಾರ್ಮೋನಿನ ಪ್ರಭಾವ ಜಾಸ್ತಿ ವರ್ಷ ಇರುತ್ತೆ, ಅದರಿಂದ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚುತ್ತೆ. 30 ದಾಟಿದ ಮೇಲೆ ಮೊದಲ ಮಗುವಾದರೂ ಅಪಾಯ ಸ್ವಲ್ಪ ಹೆಚ್ಚು. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಪ್ರತಿ ಹೆರಿಗೆಗೆ ಅಪಾಯ ಶೇ 7ರಷ್ಟು, ಹಾಲೂಡಿಸಿದ ಪ್ರತಿ 12 ತಿಂಗಳಿಗೆ ಶೇ 4.3ರಷ್ಟು ಕಡಿಮೆ ಇತ್ತಂತೆ. ಆದರೆ ಹೆರಿಗೆಯಾದ ಮೊದಲ ಕೆಲವು ವರ್ಷ ಅಪಾಯ ತುಸು ಏರುತ್ತದೆ ಅನ್ನೋದು ನನಗೆ ಹೊಸದು. "ನಾಲ್ಕು ಹೆತ್ತಿದ್ದೀನಿ ಅಂತ ಸುಮ್ನೆ ಕೂರಬೇಡಿ, ಗಂಟು ಸಿಕ್ಕಿದರೆ ಬಂದುಬಿಡಿ" ಅಂದರು. ನಮ್ಮ ಅತ್ತೆಗೆ ಹೇಳಬೇಕಾದ ಮಾತು!

ಬೇಸರ ಒಂದೇ. ಇಷ್ಟೆಲ್ಲಾ ಕೇಳೋದು ಬರೀ ಪರದೆಯ ಹಿಂದೆ. ಆಚೆ ಬೆಂಚಿನಲ್ಲಿ ಕೂತವರಿಗೆ ಎಲ್ಲ ಕೇಳಿಸುತ್ತೆ. ಮಕ್ಕಳಾಗದವರಿಗೆ, ಗರ್ಭ ನಿಲ್ಲದವರಿಗೆ ಎಷ್ಟು ಮುಜುಗರ ಅಲ್ವಾ? ಒಂದು ಬಾಗಿಲು ಹಾಕಿಸೋಕೆ ಏನು ಕಷ್ಟ?

ಹೋಗುವವರು ಅವತ್ತು ಕಂಕುಳಿಗೆ ಪೌಡರ್, ಡಿಯೋ ಹಾಕಬೇಡಿ. ಮುಟ್ಟಾಗುವವರಾದರೆ ಮುಟ್ಟು ಮುಗಿದ ವಾರ ಹೋಗಿ, ಯಂತ್ರ ಸ್ತನವನ್ನು ಒತ್ತುವಾಗ ನೋವು ಕಡಿಮೆ.