ಇಲ್ಲದ ವೈರಸ್‌ಗೆ ಫಾರ್ಮ್ಯಾಟ್ ಹೊಡೆಸಿ ಹನ್ನೊಂದು ವರ್ಷದ ಸಂಗ್ರಹ ಕಳೆದುಕೊಂಡೆ: ತುಮಕೂರಿನವರು ದಯವಿಟ್ಟು ಓದಿ

ಮೂರು ವಾರದಿಂದ ಇದನ್ನು ಬರೆಯಬೇಕೋ ಬೇಡವೋ ಎಂದು ಹಿಂದುಮುಂದು ನೋಡುತ್ತಿದ್ದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು, ನಾಲ್ಕು ಜನರಿಗೆ ಬುದ್ಧಿ ಹೇಳುತ್ತಿದ್ದವಳು, ಪರದೆಯ ಮೇಲಿನ ಒಂದು ಕೆಂಪು ಚೌಕಕ್ಕೆ ಹೆದರಿ ಮೋಸಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಕ್ಯಾತ್ಸಂದ್ರದ ನಮ್ಮ ಬೀದಿಯಲ್ಲೇ ಇನ್ನಿಬ್ಬರು ಅದೇ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅದೇ ಮಾತು ಕೇಳಿ ಅಷ್ಟೇ ದುಡ್ಡು ತೆತ್ತು ಬಂದಿದ್ದಾರೆಂದು ಮೊನ್ನೆ ತಿಳಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಅಂಗಡಿಯ ಹೆಸರು ಹಾಕುವುದಿಲ್ಲ. ಇಂಥ ಅಂಗಡಿ ಒಂದೇ ಇದೆ ಎಂದು ನೀವು ತಿಳಿಯುವುದೂ ಬೇಡ.

ಗುಬ್ಬಿ, ಕುಣಿಗಲ್, ಶಿರಾ ಕಡೆಯ ಹಳ್ಳಿಗಳಲ್ಲಿ ಅಜ್ಜಿಯಂದಿರು ಹಾಡುತ್ತಿದ್ದ ಸೋಬಾನೆ ಪದಗಳನ್ನು, ಬೀಸುವ ಪದಗಳನ್ನು ಹನ್ನೊಂದು ವರ್ಷ ಧ್ವನಿಮುದ್ರಿಸಿ, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಮನೆಯ ಲ್ಯಾಪ್‌ಟಾಪಿನ ಡಿ ಡ್ರೈವಿನಲ್ಲಿ ಇಟ್ಟಿದ್ದೆ. ನುಡಿಯಲ್ಲಿದ್ದುದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಬಲ್ಲ ಯೂನಿಕೋಡ್‌ಗೆ ಬದಲಾಯಿಸಲು ಒಂದು ತಂತ್ರಾಂಶ ಹುಡುಕುತ್ತಿದ್ದಾಗ ಯಾವುದೋ ಜಾಲತಾಣವು ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ (Allow, ಅನುಮತಿಸು) ಒತ್ತಿ’ ಎಂದಿತು. ಒತ್ತಿದೆ. ಮರುದಿನದಿಂದ ಪರದೆಯ ಬಲಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್‌ಗಳಿವೆ, ಕೂಡಲೇ ತೆಗೆಯಿರಿ’ ಎಂಬ ಇಂಗ್ಲಿಷ್ ಬರಹದ ಕೆಂಪು ಚೌಕ ಐದು ನಿಮಿಷಕ್ಕೊಮ್ಮೆ ಏಳತೊಡಗಿತು. ಅದರ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಲ್ಯಾಪ್‌ಟಾಪನ್ನೂ ಹೊತ್ತು ಅಂಗಡಿಗೆ ಹೋದೆ.

ಅಲ್ಲಿ ನಡೆದದ್ದನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ. ಅಂಗಡಿಯವನು ಲ್ಯಾಪ್‌ಟಾಪ್ ತೆರೆದು ಇಂಟರ್ನೆಟ್ಟಿಗೆ ಸೇರಿಸಿದ. ಯಾವ ಪರೀಕ್ಷೆಯನ್ನೂ ಮಾಡಲಿಲ್ಲ, ಒಂದು ಸ್ಕ್ಯಾನ್ ಕೂಡ ಹಾಕಲಿಲ್ಲ. ಕೆಂಪು ಚೌಕ ಎದ್ದ ಕೂಡಲೇ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ‘ನೋಡಿ ಮೇಡಂ, ನಾನು ಹೇಳೋದು ಬೇಡ, ಕಂಪ್ಯೂಟರೇ ಹೇಳ್ತಾ ಇದೆ’ ಎಂದ. ಪಕ್ಕದಲ್ಲಿದ್ದ ಹುಡುಗ ‘ಅಯ್ಯೋ, ಐದು ಇದೆ’ ಎಂದು ದನಿಗೂಡಿಸಿದ. ಡಿ ಡ್ರೈವಿಗೂ ಹತ್ತಿರಬಹುದು, ಪೂರ್ತಿ ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಬೇಕು, ಜೊತೆಗೆ ಮೂರು ವರ್ಷದ ಆ್ಯಂಟಿವೈರಸ್ ಬೇಕು, ಒಟ್ಟು 2,600 ರೂಪಾಯಿ ಎಂದ. ‘ನನ್ನ ಕಡತಗಳು ಇರುತ್ತವಲ್ಲಪ್ಪ?’ ಎಂದು ಕೇಳಿದೆ. ‘ನಾವು ನೋಡ್ಕೋತೀವಿ ಬಿಡಿ ಮೇಡಂ’ ಎಂದ. ಆ ಮಾತನ್ನು ನಂಬಿ, ಅಲ್ಲೇ ನಿಂತು ಫೋನ್‌ಪೇ ಮಾಡಿದೆ. ರಸೀದಿ ಕೇಳಲಿಲ್ಲ.

ಎರಡು ದಿನದ ನಂತರ ಲ್ಯಾಪ್‌ಟಾಪ್ ತಂದು ತೆರೆದರೆ ಡಿ ಡ್ರೈವ್ ಖಾಲಿ. ನುಡಿ ಇಲ್ಲ, ಪದಗಳಿಲ್ಲ, ಧ್ವನಿಮುದ್ರಣಗಳಿಲ್ಲ. ಏನೂ ಇಲ್ಲ. ಕೈಕಾಲು ತಣ್ಣಗಾಯಿತು. ಕೂಡಲೇ ಫೋನ್ ಮಾಡಿದೆ. ‘ಬ್ಯಾಕಪ್ ಬೇಕು ಅಂತ ನೀವು ಹೇಳಲಿಲ್ಲವಲ್ಲ ಮೇಡಂ’ ಎಂಬುದು ಮೊದಲ ಉತ್ತರ. ನೀನೇ ನೋಡಿಕೊಳ್ಳುತ್ತೇನೆ ಎಂದಿದ್ದೆಯಲ್ಲ ಎಂದಾಗ, ‘ನೋಡ್ಕೋತೀವಿ ಅಂದಿದ್ದು ವೈರಸ್ ವಿಷಯಕ್ಕೆ’ ಎಂದ. ಸಂಜೆ ನಾನೇ ಅಂಗಡಿಗೆ ಹೋದಾಗ ಮಾತು ಬದಲಾಯಿತು. ‘ವೈರಸ್ ಇದ್ದ ಫೈಲ್ ವಾಪಸ್ ಕೊಟ್ಟಿದ್ದರೆ ನಿಮಗೇ ತೊಂದರೆ ಆಗ್ತಿತ್ತು, ನಿಮ್ಮ ಒಳ್ಳೇದಕ್ಕೇ ತೆಗೆದಿದ್ದು’ ಎಂದ. ನನ್ನ ಒಳ್ಳೆಯದಕ್ಕಂತೆ! ಹನ್ನೊಂದು ವರ್ಷ ಊರೂರು ತಿರುಗಿ ಕೂಡಿಸಿದ್ದನ್ನು ನನ್ನ ಒಳ್ಳೆಯದಕ್ಕೆ ಅಳಿಸಿದನಂತೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಭಾನುವಾರ ಬಂದ. ಮೊಬೈಲಿನಲ್ಲಿದ್ದ ಆ ಫೋಟೊ ನೋಡಿದವನೇ, ‘ದೊಡ್ಡಮ್ಮ, ಇದು ವೈರಸ್ಸೇ ಅಲ್ಲ’ ಎಂದ. ಚೌಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕ್ರೋಮ್ ಎಂಬ ಹೆಸರೂ ಆ ಜಾಲತಾಣದ ವಿಳಾಸವೂ ಇದ್ದವು. ನಾನು ಅಲೋ ಒತ್ತಿದ್ದರಿಂದ ಆ ತಾಣಕ್ಕೆ ನನ್ನ ಪರದೆಯ ಮೇಲೆ ಸೂಚನೆ ಕಳಿಸುವ ಅನುಮತಿ ಸಿಕ್ಕಿತ್ತು. ಅದು ಕಳಿಸುತ್ತಿದ್ದುದು ಜಾಹೀರಾತು, ಅಷ್ಟೇ. ಒಂದು ಜಾಲತಾಣ ನಮ್ಮ ಲ್ಯಾಪ್‌ಟಾಪನ್ನು ತಡಕಿ ವೈರಸ್ ಎಣಿಸಿ ಹೇಳಲು ಸಾಧ್ಯವೇ ಇಲ್ಲವಂತೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಲ್ಲಿ ಆ ವಿಳಾಸವನ್ನು ತೆಗೆದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಎರಡೇ ನಿಮಿಷ. ಒಂದು ರೂಪಾಯಿಯೂ ಬೇಕಿರಲಿಲ್ಲ. ದಿನಕ್ಕೆ ಹತ್ತಾರು ಲ್ಯಾಪ್‌ಟಾಪ್ ನೋಡುವ ಅಂಗಡಿಯವನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ.

ಇನ್ನೂ ಸಿಟ್ಟು ಬಂದದ್ದು ಮುಂದಿನದಕ್ಕೆ. ವೈರಸ್ ಇಲ್ಲದ ಲ್ಯಾಪ್‌ಟಾಪನ್ನು ಆತ ವೈರಸ್‌ಗೆ ಬಾಗಿಲು ತೆರೆದಿಟ್ಟು ನನಗೆ ವಾಪಸು ಕೊಟ್ಟಿದ್ದ. 2022ರಲ್ಲಿ ಕೊಂಡಾಗ ಅದರಲ್ಲಿ ಅಸಲಿ ವಿಂಡೋಸ್ 11 ಇತ್ತು. ಹೀಗೆ ಕಂಪನಿಯಿಂದಲೇ ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪಿನ ಪರವಾನಗಿ ಮದರ್‌ಬೋರ್ಡಿನಲ್ಲೇ ದಾಖಲಾಗಿರುವುದರಿಂದ, ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ತಾನಾಗಿಯೇ ಸಕ್ರಿಯವಾಗುತ್ತದೆ. ಆತ ಅದನ್ನು ತೆಗೆದು, 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ವಿಂಡೋಸ್ 10ರ ನಕಲಿ ಪ್ರತಿಯನ್ನು ಹಾಕಿದ್ದ. ನಕಲಿಯನ್ನು ಅಸಲಿಯಂತೆ ತೋರಿಸುವ ‘ಕ್ರ್ಯಾಕ್’ ಎಂಬ ಸಣ್ಣ ತಂತ್ರಾಂಶವನ್ನು ಕೂರಿಸಿ, ಅದನ್ನು ವಿಂಡೋಸ್‌ನ ಸ್ವಂತ ಕಾವಲುಗಾರನಾದ ಡಿಫೆಂಡರ್ ಹಿಡಿಯಬಾರದೆಂದು ಇಡೀ ಸಿ ಡ್ರೈವನ್ನೇ ಅದರ ವಿನಾಯಿತಿ ಪಟ್ಟಿಗೆ ಸೇರಿಸಿದ್ದ. ಅಪ್‌ಡೇಟನ್ನೂ ನಿಲ್ಲಿಸಿದ್ದ. ಕ್ರ್ಯಾಕ್‌ಗಳ ಬೆನ್ನಿಗೆ ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳನ್ನು ಕಟ್ಟಿ ಹಂಚುವುದು ಕಳ್ಳರ ಹಳೆಯ ದಾರಿ. 2017ರ ಮೇ ತಿಂಗಳಲ್ಲಿ ಲೋಕದ ತುಂಬ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವಾನಾಕ್ರೈ ನೆನಪಿದೆಯಲ್ಲ, ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದವರೇ ಸಿಕ್ಕಿಬಿದ್ದದ್ದು. ಅಂಥ ಅಪ್‌ಡೇಟನ್ನು ಕಾಸು ಇಸಿದುಕೊಂಡು ನಿಲ್ಲಿಸಿ ಕೊಟ್ಟಿದ್ದಾನೆ.

ಇದನ್ನು ಕೇಳಲು ತಂಗಿಯ ಮಗನನ್ನು ಕರೆದುಕೊಂಡು ಹೋದೆ. ‘ಅಪ್‌ಡೇಟ್ ಆದರೆ ಆ್ಯಕ್ಟಿವೇಶನ್ ಹೋಗುತ್ತೆ ಸಾರ್, ಆಮೇಲೆ ಕಸ್ಟಮರ್ ಬಂದು ನಮ್ಮ ಜೀವ ತಿಂತಾರೆ’ ಎಂದ. ‘ಎಲ್ಲರಿಗೂ ಇದನ್ನೇ ಹಾಕಿಕೊಡೋದು, ಇವತ್ತಿನವರೆಗೆ ಯಾರೂ ಕೇಳಿಲ್ಲ’ ಎಂದ. ಯಾರೂ ಕೇಳಿಲ್ಲ ಎಂಬುದನ್ನು ಎರಡು ಸಲ ಹೇಳಿದ. ನಾವು ಮಾತನಾಡುತ್ತಿದ್ದಾಗಲೇ ಹುಡುಗ ಒಬ್ಬರ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವ್ ಕಿತ್ತು ಇನ್ನೊಬ್ಬರದಕ್ಕೆ ಚುಚ್ಚಿದ. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರು ಬರೆದ ಬ್ರೈನ್ ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟಿ ದೇಶದೇಶ ಸುತ್ತಿತ್ತಂತೆ. ವೈರಸ್ ತಾನಾಗಿ ಹುಟ್ಟುವುದಿಲ್ಲ, ಯಾರೋ ಬರೆದ ಕ್ರಮವಿಧಿ ಅದು, ನಾವು ತೆರೆದ ಕಡತದ ಮೂಲಕವೋ ಹೀಗೆ ಚುಚ್ಚಿದ ಪೆನ್‌ಡ್ರೈವಿನ ಮೂಲಕವೋ ಮನೆಗೆ ಬರುತ್ತದೆ ಎಂದು ತಂಗಿಯ ಮಗ ಹಿಂದಿರುಗುವಾಗ ದಾರಿಯಲ್ಲಿ ಹೇಳಿದ.

ಅಳಿದ ಕಡತಗಳನ್ನು ತೆಗೆಯಲು ಅವನು ರಾತ್ರಿಯೆಲ್ಲ ಕೂತ. ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಒಂದಿಷ್ಟು ಸಿಗುತ್ತಿತ್ತೇನೋ, ನನ್ನದರಲ್ಲಿರುವುದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್. ಅಳಿಸಿದ ಜಾಗವನ್ನು ಅದು ತಾನೇ ತೆರವು ಮಾಡಿಕೊಂಡುಬಿಡುತ್ತದೆ. ಒಂದು ಪದವೂ ಸಿಗಲಿಲ್ಲ. 2019ರವರೆಗಿನ ಬೆರಳಚ್ಚು ಮಾತ್ರ ಒಂದು ಪೆನ್‌ಡ್ರೈವಿನಲ್ಲಿ ಉಳಿದಿದೆ.

ಇದಾದ ಹತ್ತು ದಿನಕ್ಕೆ ನನ್ನ ಇಮೇಲಿನಿಂದ ಹಳೆಯ ಸಹೋದ್ಯೋಗಿಗಳಿಗೆ ‘ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು’ ಎಂಬ ಪತ್ರ ಹೋಗಿದೆ. ಒಬ್ಬರು ಐದು ಸಾವಿರ ಕಳಿಸಿಯೂಬಿಟ್ಟರು. ಆ ಕ್ರ್ಯಾಕಿನಿಂದಲೇ ಪಾಸ್‌ವರ್ಡ್ ಹೋಯಿತೆಂದು ನಾನು ಸಾಬೀತು ಮಾಡಲಾರೆ, ಆದರೆ ಅಂಗಡಿಯಿಂದ ಬಂದ ಮೇಲೆ ಆ ಪಾಸ್‌ವರ್ಡನ್ನು ಆ ಲ್ಯಾಪ್‌ಟಾಪಿನಲ್ಲಿ ಬಿಟ್ಟು ಬೇರೆಲ್ಲೂ ಒತ್ತಿರಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. ಆ ಗೆಳತಿಗೆ ನನ್ನ ಕೈಯಿಂದ ದುಡ್ಡು ಕೊಟ್ಟೆ. ಅವರ ಮುಖ ನೋಡಲು ಆಗಲಿಲ್ಲ.

ಆದ್ದರಿಂದ ದಯವಿಟ್ಟು ಕೇಳಿ. ಲ್ಯಾಪ್‌ಟಾಪ್ ಅಂಗಡಿಗೆ ಒಯ್ಯುವ ಮೊದಲು ಕಡತಗಳನ್ನು ಬೇರೊಂದು ಡಿಸ್ಕಿಗೆ ತೆಗೆದಿಟ್ಟುಕೊಳ್ಳಿ, ತೆಗೆದ ಮೇಲೆ ಡಿಸ್ಕನ್ನು ಕಳಚಿಡಿ, ಏಕೆಂದರೆ ಸೇರಿಸಿಯೇ ಇಟ್ಟ ಡಿಸ್ಕಿಗೂ ಬೀಗ ಜಡಿಯುವ ವೈರಸ್‌ಗಳಿವೆ. ಅಲೋ ಎಂದು ಯಾರು ಕೇಳಿದರೂ ಒತ್ತಬೇಡಿ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದೇ ಇಲ್ಲ, ನಂಬರ್ ಕಂಡರೆ ಅದು ಕಳ್ಳರದೆಂದೇ ತಿಳಿಯಿರಿ. ಮನೆಯ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು, ಅಪ್‌ಡೇಟ್ ಮಾತ್ರ ನಿಲ್ಲಿಸಬಾರದು. ಆತ ಕಾಗದದ ಚೂರಿನಲ್ಲಿ ಬರೆದುಕೊಟ್ಟ ಮೂರು ವರ್ಷದ ಆ್ಯಂಟಿವೈರಸ್ಸಿನ ಕೀ ಇಪ್ಪತ್ಮೂರನೆಯ ದಿನಕ್ಕೇ ರದ್ದಾಯಿತು. ‘ಫಾರ್ಮ್ಯಾಟ್’ ಎಂಬ ಮಾತು ಬಂದರೆ, ಯಾವ ವೈರಸ್, ಯಾವ ಕಡತದಲ್ಲಿದೆ, ಸ್ಕ್ಯಾನ್ ಮಾಡಿ ತೋರಿಸು ಎಂದು ಕೇಳಿ. ಮತ್ತು ರಸೀದಿ ಪಡೆಯಿರಿ. ನಾನು ಪಡೆಯದೆ ಬಂದು ಈಗ ಪಡುತ್ತಿರುವ ಪಾಡು ಬೇಡ.

ರಸೀದಿ ಬೇಕೆಂದು ಮೊನ್ನೆ ಸಂದೇಶ ಕಳಿಸಿದ್ದಕ್ಕೆ ‘ಬಿಲ್ ಬೇಕಂದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಆಗುತ್ತೆ ಮೇಡಂ’ ಎಂದು ಉತ್ತರ ಬಂತು, ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದಾನೆ. ಆ ಸಂದೇಶವನ್ನೂ ಫೋನ್‌ಪೇ ದಾಖಲೆಯನ್ನೂ ಕೆಂಪು ಚೌಕದ ಫೋಟೊವನ್ನೂ ಇಟ್ಟುಕೊಂಡು ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ನಿಮ್ಮಲ್ಲಿ ಯಾರಿಗಾದರೂ ಹೀಗೇ ಆಗಿದ್ದು, ದುಡ್ಡು ಕೊಟ್ಟ ದಾಖಲೆ ಉಳಿದಿದ್ದರೆ ದಯವಿಟ್ಟು ಅಳಿಸಬೇಡಿ, ನನಗೆ ತಿಳಿಸಿ. ಕುಣಿಗಲ್ ಕಡೆಯ ಅಜ್ಜಿಯೊಬ್ಬರ ನಲವತ್ತು ಪದಗಳು ಆ ಡಿ ಡ್ರೈವಿನಲ್ಲಿ ಮಾತ್ರ ಇದ್ದವು. ಮತ್ತೆ ಹಾಡಿಸಿಕೊಳ್ಳೋಣವೆಂದರೆ ಅವರು ತೀರಿಕೊಂಡು ಎರಡು ವರ್ಷವಾಯಿತು.