ಎಳೆಯುವ ಮನೆ, ಓಡಿಸುವ ಮನೆ

ದಾರಿ ಒಂದೇ, ಸೆಪ್ಟೆಂಬರ್ ಎರಡು. ಮೊದಲ ಸಲ ನಮ್ಮ ಕಾರಿನ ಹಿಂದೆ ಕ್ಯಾರವಾನ್, ಅಂದರೆ ಎಂಜಿನ್ ಇಲ್ಲದ ಚಕ್ರದ ಮನೆ, ಕಟ್ಟಿಕೊಂಡು ಹೋದೆವು. ಮರುವರ್ಷ ಕ್ಯಾಂಪರ್ ವ್ಯಾನ್, ಒಳಗೇ ಹಾಸಿಗೆ, ಒಲೆ ಇರುವ ಗಾಡಿ. ಎರಡೂ ಬಾಡಿಗೆಯವೇ. ಜರ್ಮನಿಯ ಷ್ಟುಟ್‌ಗಾರ್ಟ್ ಪಕ್ಕದ ನಮ್ಮ ಊರಿಂದ ಹೊರಟು ಬೋಡನ್‌ಸೇ ಸರೋವರ, ಆಸ್ಟ್ರಿಯಾದ ಇನ್ಸ್‌ಬ್ರುಕ್, ಬ್ರೆನ್ನರ್ ಪಾಸ್ ಎಂಬ ಬೆಟ್ಟದ ದಾರಿ ದಾಟಿ ಇಟಲಿಯ ಗಾರ್ಡಾ ಸರೋವರ, ಅಲ್ಲಿಂದ ಸ್ಲೊವೇನಿಯಾದ ಬ್ಲೆಡ್, ಮತ್ತೆ ಆಸ್ಟ್ರಿಯಾ ಮೇಲೆ ವಾಪಸ್. ಸುಮಾರು 1,700 ಕಿಲೋಮೀಟರ್, 21 ದಿನ. ಮಗಳು ಓದೋಕೆ ಬೇರೆ ಊರಿಗೆ ಹೋದ ಮೇಲೆ ನಾವಿಬ್ಬರೇ. ಅವಸರ ಏನೂ ಇರಲಿಲ್ಲ.

ಅದೇ ದಾರಿಗೆ ಮತ್ತೆ ಯಾಕೆ ಹೋದಿರಿ ಅಂತ ಕೇಳಬಹುದು. ಜಗಳ ತೀರಿಸಿಕೊಳ್ಳೋಕೆ! ಮೊದಲ ಪ್ರವಾಸ ಮುಗಿಸಿ ಬಂದ ದಿನವೇ ನಮ್ಮವರು, "ಇದೇ ವ್ಯಾನ್ ಆಗಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದರು. ನನಗೆ ಕ್ಯಾರವಾನೇ ಹಿಡಿಸಿತ್ತು. ಚಳಿಗಾಲ ಪೂರ್ತಿ ಇದೇ ಮಾತು. ಕೊನೆಗೆ, ನೋಡೇ ಬಿಡೋಣ ಅಂತ ಹೊರಟೆವು.

ಮೊದಲು ಲೈಸೆನ್ಸ್ ವಿಷಯ ಮುಗಿಸಿಬಿಡುತ್ತೇನೆ. ಯುರೋಪಿನಲ್ಲಿ ಕಾರಿನ ಮಾಮೂಲಿ ಲೈಸೆನ್ಸ್ ಅಂದರೆ ಬಿ ದರ್ಜೆ. ಅದರಲ್ಲಿ 3,500 ಕೆ.ಜಿ. ವರೆಗಿನ ವ್ಯಾನ್ ಓಡಿಸಬಹುದು. ನಮ್ಮ ವ್ಯಾನ್ ಸರಿಯಾಗಿ ಅಷ್ಟೇ. ಕ್ಯಾರವಾನ್ ಆದರೆ ಕಾರಿನ ಗರಿಷ್ಠ ತೂಕವೂ ಅದರ ಗರಿಷ್ಠ ತೂಕವೂ ಸೇರಿ 3,500 ದಾಟಬಾರದು. ನಮ್ಮ ಕಾರು 2,100, ಕ್ಯಾರವಾನ್ 1,500. ಬರೀ ನೂರು ಕೆ.ಜಿ. ಜಾಸ್ತಿ! ಅಷ್ಟಕ್ಕೆ ನಮ್ಮವರು ಡ್ರೈವಿಂಗ್ ಸ್ಕೂಲಿಗೆ ಹೋಗಿ ಬಿ96 ಅಂತ ಒಂದು ಸೇರ್ಪಡೆ ಮಾಡಿಸಿಕೊಂಡರು. ಏಳು ಗಂಟೆಯ ತರಬೇತಿ. ಜರ್ಮನಿಯಲ್ಲಿ ಅದಕ್ಕೆ ಪರೀಕ್ಷೆ ಇಲ್ಲ. ಅದಿದ್ದರೆ ಎರಡೂ ಸೇರಿ 4,250 ಕೆ.ಜಿ. ತನಕ ಹೋಗಬಹುದು.

ಇನ್ನು ಓಡಿಸುವುದು. ನಮ್ಮವರು ಮಂಡ್ಯದ ಕಡೆಯವರು. ಮೀಸೆ ಮೂಡುವ ಮೊದಲೇ ಕಬ್ಬಿನ ಟ್ರ್ಯಾಕ್ಟರ್ ಹತ್ತಿದವರು. ಹಿಂದೆ ಟ್ರೇಲರ್ ಇದ್ದರೆ ರಿವರ್ಸಿನಲ್ಲಿ ಎಲ್ಲ ತಿರುಗುಮುರುಗು. ಅದು ಬಲಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಎಡಕ್ಕೆ ತಿರುಗಿಸಬೇಕು. ಕ್ಯಾಂಪಿಂಗ್ ಜಾಗಕ್ಕೆ ಹೊಸ ಗಾಡಿ ಬಂತು ಅಂದರೆ ಸುತ್ತಲಿನವರು ಕಾಫಿ ಕಪ್ ಹಿಡಿದು ಕುರ್ಚಿ ತಿರುಗಿಸಿ ಕೂರುತ್ತಾರೆ. ಯಾರು ಎಷ್ಟು ಸಲ ಹಿಂದೆ ಮುಂದೆ ಮಾಡುತ್ತಾರೆ ಅಂತ ನೋಡೋದೇ ಅವರಿಗೆ ಸಂಜೆಯ ಸಿನಿಮಾ. ನಾನು ಹಿಂದೆ ನಿಂತು "ಬರ್ಲಿ, ಬರ್ಲಿ, ಹೋಲ್ಡಾನ್" ಎಂದೆ. ಇವರು ಒಂದೇ ಏಟಿಗೆ ತಂದು ನಿಲ್ಲಿಸಿದರು. ಒಬ್ಬ ಅಜ್ಜ ಎದ್ದು ಬಂದು ಕೈ ಕುಲುಕಿದರು. ಈ ಖುಷಿ ವ್ಯಾನಿನಲ್ಲಿ ಇಲ್ಲ ಬಿಡಿ. ಕಬ್ಬಿನ ಟ್ರ್ಯಾಕ್ಟರ್ ಓಡಿಸದೆ ಬೆಳೆದವರು ಮಾತ್ರ ಖಾಲಿ ಮೈದಾನದಲ್ಲಿ ಒಂದು ದಿನ ಅಭ್ಯಾಸ ಮಾಡದೆ ಹೊರಡಬೇಡಿ.

ರಸ್ತೆಯ ಮೇಲೆ ವ್ಯಾನೇ ಗೆದ್ದಿತು, ಒಪ್ಪಿಕೊಳ್ಳುತ್ತೇನೆ. ಕ್ಯಾರವಾನ್ ಎಳೆಯುವ ಕಾರಿಗೆ ಜರ್ಮನಿಯಲ್ಲಿ ಗಂಟೆಗೆ 80 ಕಿಲೋಮೀಟರಿನ ಮಿತಿ. ಅರ್ಹತೆ ಇದ್ದು ಹಿಂದೆ 100ರ ಸ್ಟಿಕ್ಕರ್ ಇದ್ದರೆ ಆಟೋಬಾನ್ ಎಂಬ ಹೆದ್ದಾರಿಯಲ್ಲಿ 100. ಇಟಲಿಯ ಹೆದ್ದಾರಿಯಲ್ಲಂತೂ 80ಕ್ಕೆ ಮೇಲೆ ಹೋಗುವ ಹಾಗೇ ಇಲ್ಲ. ಲಾರಿಗಳ ಸಾಲಿನಲ್ಲಿ ಲಾರಿಯಾಗಿ ಹೋಗಬೇಕು. ಗಾಳಿ ಬೀಸಿದರೆ, ದೊಡ್ಡ ಬಸ್ಸು ಪಕ್ಕದಲ್ಲಿ ದಾಟಿದರೆ, ಕ್ಯಾರವಾನ್ ಸೊಂಟ ಆಡಿಸುತ್ತದೆ. ಮೊದಲ ದಿನ ಉಲ್ಮ್ ದಾಟುವಾಗ ಹಾಗೆ ಆಡಿದಾಗ ನನ್ನ ಜೀವ ಬಾಯಿಗೆ ಬಂತು. ತಪ್ಪು ನನ್ನದೇ. ಹತ್ತು ಕೆ.ಜಿ. ಸೋನಾ ಮಸೂರಿ ಚೀಲ, ಬೇಳೆ ಡಬ್ಬಿಗಳು, ಕುಕ್ಕರ್ ಎಲ್ಲವನ್ನೂ ತೀರಾ ಹಿಂದಿನ ಬೀರುವಿನಲ್ಲಿ ಇಟ್ಟಿದ್ದೆ. ಭಾರ ಯಾವಾಗಲೂ ಚಕ್ರದ ಮೇಲೆ, ಕೆಳಗೆ ಇರಬೇಕು. ಹಿಂದೆ ಭಾರ ಬಿದ್ದರೆ ಮುಂದಿನ ಕೊಕ್ಕೆ ಮೇಲೆದ್ದು ಗಾಡಿ ಅಡ್ಡಾಡುತ್ತದೆ. ಅಕ್ಕಿಯನ್ನು ನಡುವಿಗೆ ಸರಿಸಿದೆವು, ಆಟ ನಿಂತಿತು.

ಆಸ್ಟ್ರಿಯಾದ ಆರ್ಲ್‌ಬರ್ಗ್ ಬೆಟ್ಟದಲ್ಲಿ ಎರಡರ ವ್ಯತ್ಯಾಸ ಚೆನ್ನಾಗಿ ಕಂಡಿತು. ಕ್ಯಾರವಾನಿನ ವರ್ಷ ಕೆಳಗಿನ ಸುರಂಗ ಹಿಡಿದೆವು. ಸುಮಾರು 14 ಕಿಲೋಮೀಟರ್ ಬರೀ ಟ್ಯೂಬ್‌ಲೈಟ್ ನೋಡಿದ್ದು. ಅದಕ್ಕೆ ಬೇರೆ ಟೋಲ್. ವ್ಯಾನಿನ ವರ್ಷ 1,793 ಮೀಟರ್ ಎತ್ತರದ ಹಳೆಯ ಪಾಸ್ ಮೇಲೆ ಹೋದೆವು. ಮೇಲೆ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ಚಿತ್ರಾನ್ನ ತಿಂದೆವು. ಎದುರಿಗೆ ಮಂಜು, ಎಲ್ಲೋ ಹಸುಗಳ ಗಂಟೆ. ನಮ್ಮವರು ಏನೂ ಹೇಳಲಿಲ್ಲ. ಸುಮ್ನೆ ನನ್ನ ಮುಖ ನೋಡಿ ನಕ್ಕರು. ಆ ದಿನದ ಅಂಕ ಅವರಿಗೇ.

ರಾತ್ರಿ ತಂಗುವುದರಲ್ಲೂ ವ್ಯಾನಿಗೆ ಅನುಕೂಲ ಜಾಸ್ತಿ. ಜರ್ಮನಿಯಲ್ಲಿ ಷ್ಟೆಲ್‌ಪ್ಲಾಟ್ಸ್ ಅಂತ ಊರೂರಿಗೆ ಜಾಗ ಇರುತ್ತದೆ. ಫ್ರಾನ್ಸಿನಲ್ಲಿ, ಇಟಲಿಯಲ್ಲಿ ಬೇರೆ ಹೆಸರು, ಅದೇ ಏರ್ಪಾಟು. ನಿಲ್ಲಿಸೋಕೆ ಜಾಗ, ನೀರು, ಕೆಲವು ಕಡೆ ಕರೆಂಟು. ನಾವು ನಿಂತ ಕಡೆ 12ರಿಂದ 18 ಯೂರೋ. ಮೊದಲೇ ಬುಕ್ ಮಾಡಬೇಕಿಲ್ಲ, ಸಂಜೆ ಏಳಕ್ಕೂ ಹೋಗಬಹುದು. ಆದರೆ ಇವು ಎಂಜಿನ್ ಇರುವ ಗಾಡಿಗಳಿಗೆ. ಹೆಚ್ಚಿನ ಕಡೆ ಕ್ಯಾರವಾನ್ ಬಿಡುವುದಿಲ್ಲ. ಕ್ಯಾರವಾನಿನವರು ದೊಡ್ಡ ಕ್ಯಾಂಪಿಂಗ್ ಜಾಗಕ್ಕೇ ಹೋಗಬೇಕು. ಅಲ್ಲಿ ಒಂದು ರಾತ್ರಿಗೆ 35ರಿಂದ 45. ಅಲ್ಲಿನ ನಿಯಮಗಳೋ, ಅಜ್ಜಿ ಮನೆಯ ಮಡಿಯ ಥರ. ಒಂದು ಕಡೆ ಮಧ್ಯಾಹ್ನ 1.10ಕ್ಕೆ ತಲುಪಿದೆವು. 1ರಿಂದ 3 ವಿಶ್ರಾಂತಿ ಸಮಯ, ಗೇಟ್ ಹಾಕಿಬಿಟ್ಟಿದ್ದರು. ಹತ್ತು ನಿಮಿಷಕ್ಕೆ ಎರಡು ಗಂಟೆ ರಸ್ತೆ ಬದಿಯಲ್ಲಿ ಕೂತೆವು.

ಆದರೆ ಒಮ್ಮೆ ಒಳಗೆ ಹೋಗಿ ಕ್ಯಾರವಾನ್ ನಿಲ್ಲಿಸಿದ ಮೇಲೆ ಬೇರೆಯದೇ ಬದುಕು. ಕೊಕ್ಕೆ ಬಿಚ್ಚಿದರೆ ಕಾರು ಕಾರೇ. ಮನೆ ಮನೆಯೇ. ಗಾರ್ಡಾದ ದಕ್ಷಿಣ ದಡದ ಪೆಸ್ಕಿಯೇರಾ ಹತ್ತಿರ ಆರು ರಾತ್ರಿ ಇದ್ದೆವು. ಬೆಳಿಗ್ಗೆ ನೀರಿನ ಪಕ್ಕ ನಡಿಗೆ, ಮಧ್ಯಾಹ್ನ ನಿದ್ದೆ, ಸಂಜೆ ಕಾರಿನಲ್ಲಿ ಸಿರ್ಮಿಯೋನೆಗೋ ಮಾಲ್ಚೆಸಿನೆಗೋ. ಒಂದು ದಿನ ವೆರೋನಾಕ್ಕೆ ಹೋಗಿ ಎರಡು ಸಾವಿರ ವರ್ಷದ ರೋಮನ್ ಅರೆನಾ ಎಂಬ ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲ ಮೇಲೆ ಕೂತು ಬಂದೆವು. ಬಟ್ಟೆ ಒಣಹಾಕಿದ್ದು ಹಾಗೇ ಇತ್ತು, ಅಕ್ಕಿ ನೆನೆಹಾಕಿದ್ದು ಹಾಗೇ ಇತ್ತು.

ವ್ಯಾನಿನ ಕಥೆ ಕೇಳಿ. ಹಾಲು ತರೋಕೆ ಹೋದರೂ ಮನೆ ಸಮೇತ ಹೋಗಬೇಕು! ಲೋಟ ಒಳಗಿಡು, ಕಿಟಕಿ ಮುಚ್ಚು, ಮೇಲಿನ ಗಾಳಿಗಂಡಿ ಹಾಕು, ಕರೆಂಟಿನ ವೈರ್ ಸುತ್ತು, ನೆರಳಿನ ಪರದೆ ಮಡಿಸು. ಇಪ್ಪತ್ತು ನಿಮಿಷ. ಹೋದ ಕಡೆ ನಿಲ್ಲಿಸಲು ಜಾಗ ಬೇಕು. ಆರು ಮೀಟರ್ ಉದ್ದ, 2.6 ಮೀಟರ್ ಎತ್ತರ. ಎರಡು ಮೀಟರಿನ ಅಡ್ಡಪಟ್ಟಿ ಇರುವ ಪಾರ್ಕಿಂಗ್ ಕಟ್ಟಡಕ್ಕೆ ಹೋಗುವ ಹಾಗಿಲ್ಲ. ಇಟಲಿಯ ಹಳೆಯ ಪೇಟೆಗಳ ಸುತ್ತ ಝಡ್‌ಟಿಎಲ್ ಅಂತ ನಿರ್ಬಂಧದ ವಲಯ ಇರುತ್ತದೆ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡ ಮನೆಗೇ ಬರುತ್ತದೆ. ವೆರೋನಾದಲ್ಲಿ ಹೊರಗೆಲ್ಲೋ ವ್ಯಾನ್ ಬಿಟ್ಟು ಬಸ್ ಹಿಡಿದೆವು. ಅರೆನಾದಲ್ಲಿ ಕೂತಾಗಲೂ ನನ್ನ ತಲೆಯಲ್ಲಿ ಪಾರ್ಕಿಂಗ್ ಚೀಟಿಯೇ. ಸಾಮಾನೆಲ್ಲ ಗಾಡಿಯಲ್ಲೇ ಇದೆಯಲ್ಲ ಎಂಬ ಭಯ ಬೇರೆ.

ಈಗ ಅಡುಗೆ. ನನ್ನ ಪ್ರಕಾರ ನಿಜವಾದ ಪರೀಕ್ಷೆ ಇದು. ಎರಡರಲ್ಲೂ ಗ್ಯಾಸ್ ಒಲೆ ಇತ್ತು. ಕ್ಯಾರವಾನಿನಲ್ಲಿ ಜರ್ಮನಿಯ 11 ಕೆ.ಜಿ. ಸಿಲಿಂಡರ್. ಮೂರು ವಾರ ಆರಾಮಾಗಿ ಬಂತು. ವ್ಯಾನಿನಲ್ಲಿ 5 ಕೆ.ಜಿ.ಯದು. ಸ್ಲೊವೇನಿಯಾ ತಲುಪುವ ಹೊತ್ತಿಗೆ ಖಾಲಿ. ಒಂದೊಂದು ದೇಶದ ಸಿಲಿಂಡರ್, ಅದರ ಮೂತಿ ಬೇರೆ ಬೇರೆ. ಜರ್ಮನಿಯದನ್ನು ಅಲ್ಲಿ ಬದಲಾಯಿಸಿ ಕೊಡಲಿಲ್ಲ. ಪೇಟೆಗೆ ಹೋಗಿ ಒಂದು ಇಂಡಕ್ಷನ್ ಒಲೆ ತಂದೆವು. ಅದನ್ನು ಹಚ್ಚಿ, ಪಕ್ಕದಲ್ಲಿ ಕಾಫಿಗೆ ಕೆಟಲ್ ಹಾಕಿದೆ. ಪಟ್ ಅಂತ ಕರೆಂಟ್ ಹೋಯಿತು. ನಮ್ಮ ಕಂಬದಲ್ಲಿ ಕೊಟ್ಟಿದ್ದು 6 ಆಂಪಿಯರ್ ಮಾತ್ರ. 230 ವೋಲ್ಟ್‌ಗೆ ಗುಣಿಸಿದರೆ 1,380 ವ್ಯಾಟ್. ಕೆಟಲ್ ಒಂದೇ 2,000 ಎಳೆಯುತ್ತದೆ. ಆಮೇಲೆ ಇಂಡಕ್ಷನ್ನನ್ನು ಸಣ್ಣದರಲ್ಲಿ ಇಟ್ಟು ಒಂದೊಂದೇ ಅಡುಗೆ ಮಾಡಿದೆ. ತಿಳಿಸಾರಿಗೆ ಮುಕ್ಕಾಲು ಗಂಟೆ.

ಕುಕ್ಕರ್ ಎರಡು ವರ್ಷವೂ ಬಂದಿತ್ತು. ಮೊದಲ ವರ್ಷ ಬೋಡನ್‌ಸೇ ದಡದಲ್ಲಿ, ವಿಶ್ರಾಂತಿ ಸಮಯ ಅನ್ನೋದು ಮರೆತು ಒಂದೂವರೆಗೆ ಬೇಳೆ ಇಟ್ಟೆ. ಮೂರನೇ ಕೂಗಿಗೆ ಪಕ್ಕದ ಕ್ಯಾರವಾನಿನ ಅಮ್ಮ ಓಡಿ ಬಂದು, ಗ್ಯಾಸ್ ಸೋರುತ್ತಿದೆಯಾ ಎಂದರು. ಸಂಜೆ ಅವರಿಗೂ ಒಂದು ಬಟ್ಟಲು ಸಾರು ಕೊಟ್ಟೆ.

ಮತ್ತೆ ದೋಸೆ ಹಿಟ್ಟು. ನಗಬೇಡಿ. ಆಲ್ಪ್ಸ್ ಕಡೆಯ ಸೆಪ್ಟೆಂಬರ್ ರಾತ್ರಿಯಲ್ಲಿ ಹಿಟ್ಟು ಉಬ್ಬಬೇಕಾದರೆ ಎರಡು ಬೇಕು: ಬೆಚ್ಚಗಿನ ಮೂಲೆ, ಅಲುಗಾಡದ ಜಾಗ. ಕ್ಯಾರವಾನಿನಲ್ಲಿ ಮಂಚದ ಕೆಳಗೆ ಹೀಟರಿನ ಬಿಸಿಗಾಳಿ ಹಾಯುವ ಕಡೆ ಪಾತ್ರೆ ಇಟ್ಟೆ. ಬೆಳಿಗ್ಗೆ ನೊರೆ ನೊರೆ. ನಾಳೆ ಎಲ್ಲೂ ಹೋಗೋದಿಲ್ಲ ಅಂತ ಗೊತ್ತಿದ್ದರೆ ತಾನೇ ಹಿಟ್ಟು ಹಾಕೋದು? ವ್ಯಾನಿನಲ್ಲಿ 21 ರಾತ್ರಿಗೆ ನಾವು 13 ಕಡೆ ನಿಂತೆವು. ಒಂದೇ ಒಂದು ಸಲ ಧೈರ್ಯ ಮಾಡಿದೆ. ಬ್ರೆನ್ನರ್ ಇಳಿಯುವಾಗ ಒಂದು ತಿರುವಿನಲ್ಲಿ ಮುಚ್ಚಳ ಹಾರಿತು. ಹಿಟ್ಟು ಚಪ್ಪಲಿಗಳ ಮೇಲೆ.

ಟಾಯ್ಲೆಟ್ ಎರಡರಲ್ಲೂ ಒಂದೇ ಥರ. ಕೆಳಗೊಂದು ಡಬ್ಬ, ಅದಕ್ಕೆ ಔಷಧಿ. ಎರಡು ದಿನಕ್ಕೊಮ್ಮೆ ಎಳೆದುಕೊಂಡು ಹೋಗಿ ಸುರಿದು ತೊಳೆಯಬೇಕು. ಆ ಕೆಲಸ ನಮ್ಮವರದು. ಮುಂದಿನ ವಿಷಯಕ್ಕೆ ಹೋಗೋಣ.

ಬ್ಲೆಡ್‌ನಲ್ಲಿ ಎರಡು ವರ್ಷವೂ ಮಳೆ ಹಿಡಿಯಿತು. ಸರೋವರದ ನಡುವೆ ದ್ವೀಪ, ದೋಣಿಯಿಂದ ಇಳಿದರೆ 99 ಮೆಟ್ಟಿಲು, ಮೇಲೆ ಚರ್ಚು. ಸುತ್ತ ಆರು ಕಿಲೋಮೀಟರ್ ನಡೆಯುವ ದಾರಿ. ಆದರೆ ಸುರಿಯುವ ಮಳೆಯಲ್ಲಿ ಎಲ್ಲಿಗೆ ಹೋಗೋದು? ಕ್ಯಾರವಾನಿನಲ್ಲಿ ಒಂದು ತುದಿಗೆ ಹಾಸಿಗೆ, ಇನ್ನೊಂದು ತುದಿಗೆ ಮೇಜು. ಇವರು ಅಲ್ಲಿ ಮಲಗಿದರೆ ನಾನು ಇಲ್ಲಿ ಓದಿಕೊಂಡಿದ್ದೆ. ನಡುವೆ ಪರದೆ. ವ್ಯಾನಿನಲ್ಲಿ ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಕೂರಲೇಬೇಕು. ಒದ್ದೆ ಜಾಕೆಟ್ ನೇತುಹಾಕಲು ಇದ್ದ ಜಾಗ ಒಂದೇ, ಟಾಯ್ಲೆಟ್. ಎರಡನೇ ದಿನ ಸಂಜೆ ಹೊತ್ತಿಗೆ ನಾವು ಮಾತು ಬಿಟ್ಟಿದ್ದೆವು. ಕಾರಣ ಏನು ಗೊತ್ತಾ? ಚಾರ್ಜರ್ ಯಾರು ಎಲ್ಲಿಟ್ಟರು ಅನ್ನೋದು. ಇಪ್ಪತ್ತಾರು ವರ್ಷದ ಸಂಸಾರ!

ದುಡ್ಡಿನ ಲೆಕ್ಕ. ಕ್ಯಾರವಾನ್ ಬಾಡಿಗೆ ದಿನಕ್ಕೆ 60 ಯೂರೋ, ವ್ಯಾನ್ 115. 21 ದಿನಕ್ಕೆ 1,260 ಮತ್ತು 2,415. ತಂಗಿದ್ದಕ್ಕೆ ಕ್ಯಾರವಾನಿನ ವರ್ಷ 800ರ ಹತ್ತಿರ ಹೋಯಿತು, ವ್ಯಾನಿನ ವರ್ಷ 520. ಇಂಧನ ಹೆಚ್ಚುಕಡಿಮೆ ಸಮ. ಎಳೆಯುವಾಗ ಕಾರು ನೂರು ಕಿಲೋಮೀಟರಿಗೆ 10.5 ಲೀಟರ್ ಕುಡಿಯಿತು, ವ್ಯಾನ್ 9.5. ಇಟಲಿಯಲ್ಲಿ ಟೋಲ್ ಆಕ್ಸಲ್ (ಚಕ್ರದ ಅಚ್ಚು) ಎಣಿಸಿ ಹಾಕುತ್ತಾರೆ, ಹಾಗಾಗಿ ಕಾರು-ಕ್ಯಾರವಾನ್ ಜೋಡಿಗೆ ಜಾಸ್ತಿ. ಸ್ವಿಸ್ ಕಡೆ ಹೋಗುವವರು ನೆನಪಿಡಿ, ಅಲ್ಲಿ ಹೆದ್ದಾರಿಯ 40 ಫ್ರಾಂಕಿನ ವಾರ್ಷಿಕ ಸ್ಟಿಕ್ಕರ್ ಕಾರಿಗೊಂದು, ಕ್ಯಾರವಾನಿಗೆ ಇನ್ನೊಂದು. ಒಟ್ಟಿನಲ್ಲಿ ಕ್ಯಾರವಾನ್ ನಮಗೆ ಸುಮಾರು 850 ಯೂರೋ ಅಗ್ಗ ಬಿತ್ತು. ಆದರೆ ನಮ್ಮ ಕಾರಿಗೆ ಎಳೆಯುವ ಕೊಕ್ಕೆ ಮೊದಲೇ ಇತ್ತು, ಅದು ಲೆಕ್ಕದಲ್ಲಿ ಇಲ್ಲ. ವ್ಯಾನ್ ವಾಪಸ್ ಕೊಡುವಾಗ ಒಂದು ಗೀರು ತೋರಿಸಿ ಡಿಪಾಸಿಟ್‌ನಲ್ಲಿ 150 ಹಿಡಿದುಕೊಂಡರು. ನಾವು ಹೊರಡುವ ಮುಂಚೆ ಫೋಟೋ ತೆಗೆದಿರಲಿಲ್ಲ. ನೀವು ತೆಗೆಯಿರಿ, ಕೆಳಗೆ ಬಗ್ಗಿ ಕೂಡ ತೆಗೆಯಿರಿ.

ದಾರಿಯಲ್ಲಿ ಇಸ್ನಿ ಅಂತ ಚಿಕ್ಕ ಊರು ಸಿಗುತ್ತದೆ. ಅಲ್ಲಿ ಆರಿಸ್ಟ್ ಡೆಥ್ಲೆಫ್ಸ್ ಎಂಬಾತ 1931ರಲ್ಲಿ ಜರ್ಮನಿಯ ಮೊದಲ ಕ್ಯಾರವಾನ್ ಮಾಡಿದ್ದು. ಮನೆತನದ ಕಸುಬು ಚಾಟಿ ಮಾಡುವುದು. ವ್ಯಾಪಾರಕ್ಕೆ ಅಂತ ತಿಂಗಳುಗಟ್ಟಲೆ ಊರೂರು ತಿರುಗಬೇಕಿತ್ತು. ಜೊತೆಯಾಗಲಿದ್ದ ಫ್ರಿಡೆಲ್ ಚಿತ್ರ ಬರೆಯುವಾಕೆ. ಅವಳನ್ನೂ ಕರೆದುಕೊಂಡು ಹೋಗಬೇಕು, ಅವಳಿಗೆ ಬರೆಯಲು ಜಾಗವೂ ಇರಬೇಕು ಅಂತ ಕಾರಿನ ಹಿಂದೆ ಈ ಮನೆ ಕಟ್ಟಿದ. ಹೆಸರು 'ವೋನ್‌ಆಟೋ', ವಾಸದ ಗಾಡಿ. ಮೊದಲ ವರ್ಷ ಇದನ್ನು ಓದಿ ಹೇಳಿದಾಗ ನಮ್ಮವರು, "ಪಾಪ, ಅವನಿಗೆ ವ್ಯಾನ್ ಗೊತ್ತಿರಲಿಲ್ಲ" ಎಂದರು!

ನನ್ನ ತೀರ್ಪು ಬ್ಲೆಡ್‌ನ ಮಳೆಯಲ್ಲೇ ಆಗಿಹೋಗಿತ್ತು. ಒಂದು ಕಡೆ ನಾಲ್ಕೈದು ರಾತ್ರಿ ನಿಲ್ಲುವವರಿಗೆ ಕ್ಯಾರವಾನ್. ದಿನಾ ಜಾಗ ಬದಲಿಸುವವರಿಗೆ, ಪಾಸ್ ಹತ್ತುವ ಆಸೆ ಇರುವವರಿಗೆ ವ್ಯಾನ್. ನಿಧಾನ ಬೇಕು ಅಂತ ಹೊರಟ ನಾವು ವ್ಯಾನ್ ಸಿಕ್ಕ ಕೂಡಲೇ ನಿಧಾನವನ್ನೇ ಮರೆತಿದ್ದೆವು. ಇವರು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮುಂದಿನ ಮೇ ತಿಂಗಳಿಗೆ ಫ್ರಾನ್ಸಿನ ಅಲ್ಸಾಸ್ ಕಡೆ ಹೋಗಲು ಕ್ಯಾರವಾನ್ ಬುಕ್ ಮಾಡಿದ್ದು ಅವರೇ.

ಅದೇ ಮೇನಲ್ಲಿ ಮೈಸೂರಿನಿಂದ ಅಣ್ಣ, ಅತ್ತಿಗೆ ಬರುತ್ತಿದ್ದಾರೆ. ಅವರಿಗೆ ಮಾತ್ರ ವ್ಯಾನ್ ತೆಗೆದುಕೊಳ್ಳಿ ಎಂದಿದ್ದೇನೆ. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರ್ಮಿಟ್ಟಿನ ಬಿ ದರ್ಜೆಯಲ್ಲಿ ಹಗುರ ಟ್ರೇಲರ್ ಮಾತ್ರ ಎಳೆಯಬಹುದು, 1,500 ಕೆ.ಜಿ. ಕ್ಯಾರವಾನ್ ಅದಕ್ಕೆ ಸೇರದು. ಷೆಂಗೆನ್ ವೀಸಾದಲ್ಲಿ ಅವರಿಗೆ ಸಿಗುವುದೂ ಎಣಿಸಿದ ದಿನಗಳು, ನೋಡುವುದು ಜಾಸ್ತಿ ಇದೆ. ಅತ್ತಿಗೆ ನಿನ್ನೆ ಫೋನ್ ಮಾಡಿ ಮಿಕ್ಸಿ ತರಲಾ ಅಂತ ಕೇಳಿದರು. ತನ್ನಿ, 750 ವ್ಯಾಟಿನದು ನಡೆಯುತ್ತದೆ. ಚಟ್ನಿ ರುಬ್ಬುವಾಗ ಕೆಟಲ್ ಆರಿಸಿರಿ, ಅಷ್ಟೇ.