ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟು ಬಿದ್ದಾಗ: ಒಂದು ಆಸ್ಪತ್ರೆಯ ಸೇವೆಯ ವಿಮರ್ಶೆ

ಕಾರು ಅಪಘಾತದಲ್ಲಿ ಸೀಟ್ ಬೆಲ್ಟ್ ಒತ್ತಿದ ರಭಸಕ್ಕೆ ನನ್ನ ಕುತ್ತಿಗೆಯ ಬಲಗಡೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿಯ ಒಳಪದರ ಹರಿದಿತ್ತು. ಚರ್ಮದ ಮೇಲೆ ಕಂಡದ್ದು ಓರೆಯಾಗಿ ಕಂದಿದ ಒಂದು ಗೆರೆ ಮಾತ್ರ. ಅಷ್ಟಕ್ಕೇ ಸಮಾಧಾನಪಡದೆ ಆ ರಾತ್ರಿಯೇ ರಕ್ತನಾಳಗಳ ಒಳಭಾಗ ತೋರಿಸುವ ಸಿ.ಟಿ. ಆಂಜಿಯೋಗ್ರಾಮ್ ಮಾಡಿಸಿದ್ದು ಈ ರಕ್ತನಾಳ ಚಿಕಿತ್ಸಾ ವಿಭಾಗದ ಬಗ್ಗೆ ನಾನು ಹೇಳಬೇಕಾದ ಮೊದಲ ಒಳ್ಳೆಯ ಮಾತು.

ಶಸ್ತ್ರಚಿಕಿತ್ಸೆ ಬೇಡ ಎಂದಾಗ ನನಗೆ ನಂಬಿಕೆ ಬರಲಿಲ್ಲ. ವೈದ್ಯರು ಕೇಸ್ ಶೀಟಿನ ಹಿಂಬದಿಯಲ್ಲಿ ಮೂರು ಪದರಗಳ ಕೊಳವೆಯೊಂದನ್ನು ಬರೆದು, ಒಳಗಿನ ಪದರ ಎದ್ದಿರುವ ಜಾಗವನ್ನು ಪೆನ್ನಿನಿಂದ ತೋರಿಸಿದರು. ನಾಳ ಕಿರಿದಾಗಿರುವುದು ಶೇಕಡಾ 25ಕ್ಕಿಂತ ಕಡಿಮೆಯಾದ್ದರಿಂದ ಇದು ಇಂಥ ಗಾಯಗಳ ಐದು ದರ್ಜೆಗಳಲ್ಲಿ ಮೊದಲನೆಯದು, ಅಂದರೆ ಅತಿ ಸೌಮ್ಯವಾದದ್ದು. ಅಂಚಿನ ಜೀವಕೋಶಗಳು ಸರಿದು ಬಂದು ಹರಿದ ಭಾಗವನ್ನು ಮುಚ್ಚುವುದರಿಂದ ಇಂಥವು ಬಹುಪಾಲು ತಾವಾಗಿಯೇ ಕೂಡಿಕೊಳ್ಳುತ್ತವೆ. ಆದರೆ ಅಲ್ಲಿಯವರೆಗೆ ಆ ಒರಟು ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಅಪಾಯವಿರುವುದರಿಂದ ಆಸ್ಪಿರಿನ್ ತಪ್ಪಿಸುವಂತಿಲ್ಲ ಎಂದು ವಿವರಿಸಿದರು. ನಾಳದ ಗೋಡೆ ಉಬ್ಬಿ ಹುಸಿ ಅನ್ಯೂರಿಸಂ ಆಗಿದ್ದರೆ ಅದು ತಾನಾಗಿ ಇಳಿಯುವುದು ಅಪರೂಪವೆಂದೂ, ನಾಳ ಪೂರ್ತಿ ತುಂಡಾಗಿದ್ದರೆ ಕಾಯುವ ಮಾತೇ ಇರುತ್ತಿರಲಿಲ್ಲವೆಂದೂ ಸೇರಿಸಿದರು. 'ದೇಹವೇ ವಾಸಿ ಮಾಡಿಕೊಳ್ಳುತ್ತದೆ' ಎಂಬ ಮಾತನ್ನು ಔಷಧ ಬಿಡಲು ನೆಪ ಮಾಡಿಕೊಳ್ಳುವವರು ನಮ್ಮ ಮನೆಯಲ್ಲೂ ಇದ್ದಾರೆ; ಆ ಚಿತ್ರವನ್ನು ಅವರಿಗೂ ತೋರಿಸಿದೆ.

ಎಂಟನೆಯ ದಿನದ ಮರುಪರೀಕ್ಷೆಯಲ್ಲಿ ಹರಿದ ಭಾಗ ಹಿಗ್ಗಿರಲಿಲ್ಲ. ಮೂರು ತಿಂಗಳ ನಂತರದ ಚಿತ್ರದಲ್ಲಿ ನಾಳದ ಒಳ ಅಂಚು ನುಣುಪಾಗಿ ಕಂಡಿತು. ಹಳೆಯ ಮತ್ತು ಹೊಸ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವಷ್ಟು ವ್ಯವಧಾನ ಅವರಿಗಿತ್ತು.

ಕೊರತೆಯೂ ಸಣ್ಣದಲ್ಲ. ಡಿಸ್ಚಾರ್ಜ್ ಪತ್ರದಲ್ಲಿ ಮಾತ್ರೆಯ ಪ್ರಮಾಣವಿತ್ತೇ ಹೊರತು ಅಪಾಯದ ಲಕ್ಷಣಗಳಿರಲಿಲ್ಲ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಒಂದು ಕಣ್ಣಿನ ರೆಪ್ಪೆ ಜೋಲುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಬರಬೇಕೆಂದು ನರ್ಸ್ ಒಬ್ಬರು ಹೇಳಿದ್ದು ನಾವು ಹೊರಡುವ ಹೊತ್ತಿಗೆ, ಅದೂ ನನ್ನ ಹೆಂಡತಿ ಕೇಳಿದ ಮೇಲೆ. ಪಾರ್ಶ್ವವಾಯುವಿನ ಅಪಾಯ ಮೊದಲ ದಿನಗಳಲ್ಲೇ ಹೆಚ್ಚಾಗಿರುವಾಗ ಈ ನಾಲ್ಕು ಸಾಲು ಕಾಗದದಲ್ಲಿ ಇರಲೇಬೇಕಿತ್ತು. ಮರುಪರೀಕ್ಷೆಯ ದಿನಾಂಕಕ್ಕಾಗಿ ಮೂರು ಸಲ ಫೋನ್ ಮಾಡಬೇಕಾಯಿತು.

ಚಿಕಿತ್ಸೆಗೆ ಐದಕ್ಕೆ ಐದು ಅಂಕ ಕೊಡುತ್ತೇನೆ; ಮನೆಗೆ ಕಳುಹಿಸುವ ಕ್ರಮಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾರೆ.